ಕೂಗಿದ ಹೆಸರು

ಕೀಲಿಕೈ ಮೊಳೆಯ ಮೇಲೆಯೇ ಇತ್ತು. ಆದರೂ ಇದ್ವಾಲ್ ಅದನ್ನು ಹುಡುಕುವವನ ಹಾಗೆ ಮೇಜಿನ ಖಾನೆ ಎಳೆದ, ಕಿಟಕಿಯ ಗೂಡಿನಲ್ಲಿ ಕೈಯಾಡಿಸಿದ, ಕೋಟಿನ ಜೇಬು ಮುಟ್ಟಿ ನೋಡಿದ. ಅಂಗೈಗಿಂತ ಉದ್ದದ, ಚರ್ಚಿನ ಆ ಕಬ್ಬಿಣದ ಕೀಲಿ ಬಾಗಿಲ ಪಕ್ಕದ ಗೋಡೆಯಲ್ಲಿ, ಅವನ ಅಪ್ಪ ಹೊಡೆದಿದ್ದ ಮೊಳೆಗೆ ತೂಗಿಕೊಂಡು, ಅವನು ಎತ್ತ ತಿರುಗಿದರೂ ಕಣ್ಣಂಚಿಗೆ ಬೀಳುತ್ತಿತ್ತು. ಇನ್ನು ಮೂರೇ ದಿನ. ಭಾನುವಾರ ಚರ್ಚಿನಲ್ಲಿ ಕೊನೆಯ ಪ್ರಾರ್ಥನೆ, ಸೋಮವಾರ ಬಿಷಪ್ ಕಚೇರಿಯವರು ಬಂದು ಕೀಲಿ ಒಯ್ಯುತ್ತಾರೆ. ಹನ್ನೊಂದು ಚರ್ಚುಗಳನ್ನು ಒಬ್ಬಳೇ ಸಂಭಾಳಿಸುವ ಪಾದ್ರಿಯಮ್ಮ ಈ ಸುದ್ದಿ ಹೇಳುವಾಗ ಅತ್ತಿದ್ದಳು. ಇವನಿಗೆ ಅಳು ಬರಲಿಲ್ಲ. ಒಳಗೊಳಗೇ ಹಗುರವೆನಿಸಿತ್ತು, ಹಗುರವೆನಿಸಿದ್ದಕ್ಕೆ ನಾಚಿಕೆಯೂ ಆಗಿತ್ತು. ಅದೇ ಸೋಮವಾರ ಆಸ್ಪತ್ರೆಯಿಂದ ಹೆಂಡತಿ ಟೆಗ್ವೆನ್‌ಳ ವರದಿಯೂ ಬರಬೇಕು. ಎರಡೂ ಒಂದೇ ದಿನಕ್ಕೆ ಬಂದದ್ದರಲ್ಲಿ ಅರ್ಥವೇನೂ ಇಲ್ಲ ಎಂದು ಈ ವಾರವಿಡೀ ತನಗೆ ತಾನೇ ಹೇಳಿಕೊಂಡಿದ್ದ.

"ಗಾರ್ತ್ ಮನೆ ಇದ್ವಾಲ್!" ಹೆಂಡತಿ ಒಲೆಯ ಕಡೆಯಿಂದಲೇ ಕೂಗಿದಳು. "ಮೂಗಿನ ಮುಂದೇ ನೇತಾಡ್ತಿದೆ, ಕಾಣಲ್ವಾ?"

ಒಂದು ಕಾಲಕ್ಕೆ ಊರಿನಲ್ಲಿ ಐದು ಜನ ಇದ್ವಾಲ್‌ಗಳಿದ್ದರು. ಮನೆಹೆಸರು ಸೇರಿಸದೆ ಕರೆದರೆ ಐವರೂ ತಿರುಗಬೇಕು, ಇಲ್ಲವೇ ಒಬ್ಬರೂ ತಿರುಗಬಾರದು. ಉಳಿದ ನಾಲ್ವರೂ ಈಗ ಚರ್ಚಿನ ಬೇಲಿಯೊಳಗೆ ಮಲಗಿದ್ದಾರೆ. ಆದರೂ ಟೆಗ್ವೆನ್‌ಗೆ ಗಂಡನನ್ನು ರೇಗಿಸಬೇಕೆನಿಸಿದಾಗ, ಅವನು ಕುರಿಗಳ ಹಿಂದೆ ಹೋಗಿ ಊಟಕ್ಕೆ ತಡಮಾಡಿದಾಗ, ಮನೆಹೆಸರು ಸೇರಿಸಿಯೇ ಕೂಗುವುದು ರೂಢಿ. ಆ ಕೂಗು ಎರಡು ಹೊಲ ದಾಟಿ ಬರುತ್ತಿತ್ತು. ಈಗ ಅವಳು ಇಡೀ ರಾತ್ರಿ ಚಹದಲ್ಲಿ ನೆನೆದ ಒಣದ್ರಾಕ್ಷಿಯನ್ನು ಬಾರಾ ಬ್ರಿತ್ ಎಂಬ ಸಿಹಿ ರೊಟ್ಟಿಯ ಹಿಟ್ಟಿಗೆ ಕಲಸುತ್ತಿದ್ದಳು, ಬಲಗೈಯೊಂದರಲ್ಲೇ. ಎಡಗೈಯನ್ನು ಪಕ್ಕೆಗೆ ಒತ್ತಿ ಹಿಡಿದಿದ್ದಳು. ಕಂಕುಳ ಕೆಳಗೆ ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದ ಜಾಗ ಇನ್ನೂ ನೋಯುತ್ತದೆಂದು ಅವನಿಗೆ ಗೊತ್ತಿತ್ತು.

"ಎಮ್ಲಿನ್ ಆಗಲೇ ಬಂದಿರ್ತಾನೆ," ಎಂದಳು. "ಆ ಕಲ್ಲುಬೆಂಚಿನ ಮೇಲೆ ಕೂರಿಸ್ಬೇಡ ಅವನನ್ನ. ಎದೆ ಸರಿಯಿಲ್ಲ. ನೋಡೋದು ನೋಡಿದ್ಮೇಲೆ ಇಲ್ಲಿಗೇ ಕರ್ಕೊಂಡು ಬಾ, ಬಿಸಿಬಿಸಿ ತಿನ್ಲಿ."

"ಅವನು ಬರಲ್ಲ."

"ಇನ್ನೂ ಅದೇ ಸಂಕೋಚಾನಾ? ನಲವತ್ಮೂರು ವರ್ಷ ಆಯ್ತು! ಬಿಟ್ಟು ಹೋದವನು ಅವನು. ಮುನಿಸ್ಕೋಬೇಕಾದವಳು ನಾನು. ನಾನೇ ಕರೀತಿದೀನಿ ಅನ್ನು." ನಕ್ಕಳು. ನಗು ಅರ್ಧಕ್ಕೇ ನಿಂತು ಕೈ ಕಂಕುಳಿಗೆ ಹೋಯಿತು. "ಹಾಗೆ ನೋಡ್ಬೇಡ. ಏನಿಲ್ಲ. ಹೋಗು, ಹೋಗು."

ಕೀಲಿ ಕೈಯಲ್ಲಿ ತಣ್ಣಗೆ ಭಾರವಾಗಿತ್ತು. ಇಳಿಜಾರಿನ ಕಲ್ಲುಗೋಡೆಯ ಪಕ್ಕ ನಡೆಯುತ್ತ, ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡ. ಬೆಳಿಗ್ಗೆ ಎಮ್ಲಿನ್ ಫೋನ್ ಮಾಡಿ, 'ಭಾನುವಾರದ ಮೇಲೆ ಬೀಗ ಹಾಕ್ತಾರಂತಲ್ಲ, ಒಂದ್ಸಲ ಒಳಗೆ ಹೋಗಿ ನೋಡ್ಬೇಕು ಕಣೋ' ಎಂದಾಗಲೇ ಅಂದುಕೊಂಡಿದ್ದ. ಕೇಳಿದ್ದು ಬೇರೆ ದಿನವಾಗಿದ್ದರೆ ಚೆನ್ನಿತ್ತು. ಇವತ್ತೇ ಬರುತ್ತೇನೆಂದ, ಅಕ್ಟೋಬರ್ ಕೊನೆಯ ದಿನ, ದೀಪ ಹಚ್ಚುವ ಹೊತ್ತಿಗೆ. ಆ ಹೊತ್ತಿನಲ್ಲಿ ಚರ್ಚಿನ ಬಾಗಿಲಿಗೆ ಕಿವಿಯಿಟ್ಟರೆ ಬರುವ ವರ್ಷ ಸಾಯುವವರ ಹೆಸರನ್ನು ಒಳಗಿಂದ ಕೂಗುವುದು ಕೇಳಿಸುತ್ತದೆಂದು ಊರಿನ ನಂಬಿಕೆ. ಬೇರೆ ಊರುಗಳಲ್ಲಿ ಅದು ನಡುರಾತ್ರಿಯಂತೆ. ಇಲ್ಲಿಯವರು ನಸುಕಿಗೇ ಏಳುವ ಕುರಿ ಸಾಕುವ ಜನ. ಸಾವೂ ಅವರ ಅನುಕೂಲ ನೋಡಿಕೊಂಡು ಬೇಗ ಬಂದು ಹೋಗುತ್ತಿತ್ತು. ಇದ್ವಾಲ್ ಹುಡುಗನಾಗಿದ್ದಾಗಲೇ ಇದನ್ನು ಯಾರೂ ನಿಜವೆಂದು ಹೇಳುತ್ತಿರಲಿಲ್ಲ. ಆದರೆ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ ಆ ಸಂಜೆ ಒಬ್ಬರನ್ನು ಸುಮ್ಮನೆ, ಯಾತಕ್ಕೂ ಇರಲಿ ಎಂದು, ಕಳಿಸುತ್ತಿದ್ದರು. ನಂಬದಿದ್ದವರು ಸಹ ಕಳಿಸುತ್ತಿದ್ದರು.

ಪೆನ್‌ಲಾನ್ ಮನೆಯ ಎಮ್ಲಿನ್‌ನನ್ನು ಅವನ ತಾಯಿ ಹಾಗೆ ಕಳಿಸಿದ್ದಳು, ಅಪ್ಪನ ಹೆಸರು ಬರುತ್ತದೋ ಏನೋ ಕೇಳಿ ಬಾ ಎಂದು. ಅದನ್ನು ಎಮ್ಲಿನ್ ಸ್ನೇಹಿತನ ಹತ್ತಿರ ಹೇಳಿಕೊಂಡು ನಕ್ಕಿದ್ದ, 'ಅಮ್ಮನಿಗೋಸ್ಕರ ಹೋಗ್ಬೇಕಪ್ಪ, ಏನ್ಮಾಡೋದು'. ಆಗ ಇಬ್ಬರಿಗೂ ಇಪ್ಪತ್ಮೂರು. ಚರ್ಚಿನ ಕೀಲಿ ಇದ್ವಾಲ್‌ನ ಅಪ್ಪನ ಕೈಲಿತ್ತು, ಪಾದ್ರಿ ಒಳಬರುವ ಹಿಂದಿನ ಚಿಕ್ಕ ಬಾಗಿಲಿಗಂತೂ ಬರೀ ಅಗುಳಿ. ತಮಾಷೆಗೆ, ಎಂದು ಇದ್ವಾಲ್ ತನಗೆ ಹೇಳಿಕೊಂಡಿದ್ದ. ಚೀರಿಕೊಂಡು ಓಡುತ್ತಾನೆ, ನಾಳೆ ಹೆಂಡದಂಗಡಿಯಲ್ಲಿ ಎಲ್ಲರ ಮುಂದೆ ಹೇಳಿ ನಗಬಹುದು. ಮುಂದಿನ ವಸಂತಕ್ಕೆ ಎಮ್ಲಿನ್‌ಗೂ ಟೆಗ್ವೆನ್‌ಗೂ ಮದುವೆಯೆಂದು ನಿಶ್ಚಯವಾಗಿತ್ತು. ಉಂಗುರ ತಂದದ್ದನ್ನು ಎಮ್ಲಿನ್ ಇವನಿಗೇ ಮೊದಲು ತೋರಿಸಿದ್ದ, ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಕಿ ಇಟ್ಟಿದ್ದ. ಇದ್ವಾಲ್ ಚೆನ್ನಾಗಿದೆ ಎಂದು ಹೇಳಿ ಮನೆಗೆ ಬಂದು ಎರಡು ದಿನ ಊಟ ಸರಿಯಾಗಿ ಮಾಡಿರಲಿಲ್ಲ. ಆದರೆ ತಮಾಷೆಯ ಯೋಚನೆಯೊಳಕ್ಕೆ ಟೆಗ್ವೆನ್‌ಳ ಹೆಸರನ್ನು ಅವನು ಬರಗೊಡಲೇ ಇಲ್ಲ. ಆ ಜಾಗವನ್ನು ಖಾಲಿ ಇಟ್ಟುಕೊಂಡೇ ಕತ್ತಲಲ್ಲಿ ಬೆಂಚುಗಳ ಮಧ್ಯೆ ನಡೆದು ದೊಡ್ಡ ಬಾಗಿಲ ಹಿಂದೆ ನಿಂತ. ಹೊರಗೆ ಬೂಟಿನ ಸದ್ದು ಬಂತು. ಕೀಲಿಕಿಂಡಿಯ ಬೆಳಕು ಮುಚ್ಚಿತು. ಇವನು ಗಂಟಲು ದಪ್ಪ ಮಾಡಿ, ಸಾವಕಾಶವಾಗಿ, ಎಮ್ಲಿನ್, ಪೆನ್‌ಲಾನ್ ಮನೆ ಎಮ್ಲಿನ್, ಎಂದ. ಉಕ್ಕಿ ಬಂದ ನಗುವಿಗೆ ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡ. ಚೀರಾಟವಿಲ್ಲ. ಓಟವಿಲ್ಲ. ತುಂಬ ಹೊತ್ತಾದ ಮೇಲೆ ಕೀಲಿಕಿಂಡಿಯಲ್ಲಿ ಮತ್ತೆ ಬೆಳಕು ಬಂತು, ಬೂಟುಗಳು ಜಲ್ಲಿಯ ಮೇಲೆ ನಿಧಾನವಾಗಿ, ವಯಸ್ಸಾದವರ ನಡಿಗೆಯಲ್ಲಿ ದೂರ ಹೋದವು. ಓಡಿ ಹೋಗಿ ಹೆಗಲಿಗೆ ಹೊಡೆದು 'ನಾನೇ ಕಣೋ' ಎನ್ನುವುದಕ್ಕೆ ಅಷ್ಟು ಹೊತ್ತಿತ್ತು. ಅವನು ತೋಳು ಕಚ್ಚಿಕೊಂಡೇ ನಿಂತಿದ್ದ.

ಅಪ್ಪನ ಹೆಸರು ಕೇಳಲಿಲ್ಲ ಎಂದು ಎಮ್ಲಿನ್ ತಾಯಿಗೆ ಹೇಳಿದ. ಅದು ನಿಜವೇ. ಅಪ್ಪ ಇನ್ನೂ ಒಂಬತ್ತು ವರ್ಷ ಬದುಕಿದ. ಕ್ರಿಸ್‌ಮಸ್ಸಿನ ವಾರದಲ್ಲಿ ಎಮ್ಲಿನ್ ಟೆಗ್ವೆನ್‌ಳ ಮನೆಗೆ ಹೋಗಿ, ಈ ಮದುವೆ ಬೇಡ, ಕಾರಣ ಕೇಳಬೇಡ ಎಂದು ಹೇಳಿ ಬಂದ. ವಿಧವೆಯೊಬ್ಬಳನ್ನು ಬಿಟ್ಟು ಹೋಗುವುದು ಅವನಿಗೆ ಬೇಕಿರಲಿಲ್ಲ, ಅಷ್ಟೇ. ಕಾರಣ ತಿಳಿದಿದ್ದವನು ಊರಿನಲ್ಲಿ ಇನ್ನೊಬ್ಬನಿದ್ದ, ಮತ್ತು ಅವನು ಗಾರ್ತ್‌ನ ಕಲ್ಲುಗೋಡೆಗೆ ಒರಗಿ ಅಳುತ್ತಿದ್ದ ಹುಡುಗಿಗೆ ಕರವಸ್ತ್ರ ಕೊಡುತ್ತಿದ್ದ. ಇನ್ನೊಂದು ತಿಂಗಳು ನೋಡೋಣ, ಅವಳು ಸಮಾಧಾನವಾಗಲಿ, ಆಮೇಲೆ ಹೇಳೋಣ ಎಂದುಕೊಂಡ. ವರ್ಷ ಕಳೆದರೂ ಎಮ್ಲಿನ್ ಸಾಯಲಿಲ್ಲ, ಆದರೆ ಅವಳ ಬಾಗಿಲಿಗೆ ಮತ್ತೆ ಹೋಗಲೂ ಇಲ್ಲ. ಎರಡು ವರ್ಷದ ಮೇಲೆ ಇದ್ವಾಲ್ ಇದೇ ಚರ್ಚಿನಲ್ಲಿ ಅವಳನ್ನು ಮದುವೆಯಾದ. ಗಂಟೆಯ ಹಗ್ಗ ಎಳೆಯುವವರು ಸಿಗದೆ ಎಮ್ಲಿನ್‌ನನ್ನೇ ಕರೆದಿದ್ದರು. ಬಂದು ಎಳೆದ. ಅಂದಿನಿಂದ ಅವನು ಒಳಗೆ ಕಾಲಿಟ್ಟಿಲ್ಲ, ಆದರೆ ವರ್ಷಕ್ಕೊಮ್ಮೆ ಈ ದಿನ, ಈ ಹೊತ್ತಿಗೆ, ಬಾಗಿಲ ಮುಂದಿನ ಜಗಲಿಯಲ್ಲಿ ಬಂದು ಕೂರುತ್ತಾನೆ. ಪೆನ್‌ಲಾನ್ ಎಮ್ಲಿನ್ ತನ್ನ ಬಸ್ಸು ಕಾಯ್ತಿದಾನೆ ಎಂದು ಊರು ನಗುತ್ತದೆ. ಇದ್ವಾಲ್ ಕೂಡ ಆ ಮಾತಿಗೆ ನಕ್ಕಿದ್ದಾನೆ, ನಗದಿದ್ದರೆ ಯಾರಾದರೂ ಏಕೆಂದು ಕೇಳಬಹುದೆಂದು.

ಇದ್ವಾಲ್‌ನ ಅಜ್ಜಿ ಹೇಳುತ್ತಿದ್ದದ್ದು ಬೇರೆ. ಕೂಗಿದ ಹೆಸರು ಬರಿಗೈಯಲ್ಲಿ ವಾಪಸು ಹೋಗುವುದಿಲ್ಲ. ಹುಡುಗಾಟಕ್ಕೆ ಕೂಗಿದರೆ, ಆ ಹೆಸರಿನವನು ಸಾಯದಿದ್ದರೆ, ಅದು ಕೂಗಿದವನ ಮನೆ ಹುಡುಕಿಕೊಂಡು ಬರುತ್ತದೆ. ತಪ್ಪಿಸಬೇಕಾದರೆ ಒಂದೇ ದಾರಿ: ಹೆಸರಿನವನೇ ಒಳಗೆ ನಿಂತು ತನ್ನ ಹೆಸರನ್ನು ತಾನು ಕೂಗಿ ಆ ಸಾವನ್ನು ತನ್ನ ಮೇಲೆ ತೆಗೆದುಕೊಳ್ಳಬೇಕು. ಮುದುಕಿಯ ಕಂತೆಪುರಾಣ. ಈ ಸೆಪ್ಟೆಂಬರಿನಲ್ಲಿ ಟೆಗ್ವೆನ್ ಸ್ನಾನ ಮಾಡಿ ಬಂದು, 'ಇಲ್ಲಿ ಮುಟ್ಟಿ ನೋಡು, ಗಂಟಿನ ಹಾಗೆ ಇದೆ ಅಲ್ವಾ' ಎಂದು ಅವನ ಬೆರಳನ್ನು ಹಿಡಿದು ತೋರಿಸಿದ ಕ್ಷಣಕ್ಕೆ ಅಜ್ಜಿಯ ಮಾತು ಅಕ್ಷರ ಅಕ್ಷರವೂ ನೆನಪಾಗಿತ್ತು. ಅಂದಿನಿಂದ ಅವನು ನಿದ್ದೆಗೆಟ್ಟಿದ್ದಾನೆ.

ಜಗಲಿಯ ಕಲ್ಲುಬೆಂಚಿನ ಮೇಲೆ ಎಮ್ಲಿನ್ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಗೇಟಿನಿಂದಲೇ ಅವನ ಉಸಿರು ಕೇಳುತ್ತಿತ್ತು.

"ಬಂದ್ಯಾ, ಬೀಗದ ದೊರೆ. ಸ್ವರ್ಗದ ಬಾಗಿಲಲ್ಲಿ ಪೇತ್ರನೂ ಇಷ್ಟು ಕಾಯಿಸಲ್ವಂತೆ."

"ನಿನ್ನನ್ನ ಬಿಟ್ಕೊಳ್ಳೋ ಮನಸ್ಸಿದ್ರೆ ತಾನೆ ಪೇತ್ರ ಕಾಯಿಸೋದು?"

"ಅದೂ ನಿಜಾನೆ." ಎದ್ದು ನಿಲ್ಲಲು ಎರಡು ಸಲ ಪ್ರಯತ್ನಪಟ್ಟ. ಇದ್ವಾಲ್ ಕೈ ಕೊಟ್ಟ. ಕೋಟಿನೊಳಗೆ ತೋಳೇ ಇರಲಿಲ್ಲವೇನೋ ಎನ್ನುವಷ್ಟು ಸಣಕಲಾಗಿದ್ದ. "ಟೆಗ್ವೆನ್ ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ," ಎಂದ ಇದ್ವಾಲ್, ಮತ್ತು ಕೀಲಿ ತಿರುಗಿಸಿದ.

ಒಳಗೆ ಬಾವಲಿಯ, ಒದ್ದೆ ಸುಣ್ಣದ ವಾಸನೆ. ಬಳ್ಳಿ ಕೆತ್ತಿದ ಮರದ ಅಡ್ಡತಡೆಯ ಆಚೆಯ ಕಿಟಕಿಯಲ್ಲಿ ಇನ್ನೂ ಒಂದಿಷ್ಟು ಬೆಳಕು ಉಳಿದಿತ್ತು. ಪಶ್ಚಿಮದ ಗೋಡೆಯ ಸುಣ್ಣ ಉದುರಿದಲ್ಲಿ ಹಳೆಯ ಕೆಮ್ಮಣ್ಣಿನ ಚಿತ್ರ, ಗುದ್ದಲಿ ಹಿಡಿದ ಅಸ್ಥಿಪಂಜರ. ಚಿಕ್ಕವರಿದ್ದಾಗ ಪ್ರವಚನ ಮುಗಿಯುವವರೆಗೆ ಅದರ ಪಕ್ಕೆಲುಬು ಎಣಿಸುತ್ತಿದ್ದರು. ಎಮ್ಲಿನ್‌ಗೆ ಯಾವಾಗಲೂ ಒಂದು ಹೆಚ್ಚು ಸಿಗುತ್ತಿತ್ತು. ಈಗ ಅವನು ಅದರ ಮುಂದೆ ನಿಂತು, ತುಟಿ ಅಲುಗಿಸುತ್ತ, ಎಣಿಸಿದ.

"ಹದಿಮೂರು."

"ಹನ್ನೆರಡೇ ಇರೋದು."

"ನಿನ್ನ ಕಣ್ಣಿಗೆ," ಎಂದ ಎಮ್ಲಿನ್. ಬಾಗಿಲ ಪಕ್ಕದ ಮೇಜಿನ ಮೇಲೆ ನೋಡಲು ಬಂದವರು ಬರೆದುಹೋಗುವ ಪುಸ್ತಕವಿತ್ತು. ದಪ್ಪ ಕನ್ನಡಕವನ್ನು ಮೂಗಿಗೇರಿಸಿ ಅದನ್ನು ಓದಿದ. "ತುಂಬಾ ಶಾಂತವಾದ ಸ್ಥಳ. ಮನಸ್ಸಿಗೆ ನೆಮ್ಮದಿ ಸಿಕ್ಕಿತು. ನೋಡು, ಪುಟ ತುಂಬಾ ಇದೇ. ಊರಿನವರು ಒಬ್ಬರೂ ಬರೆದಿಲ್ಲ ಅಲ್ವಾ?" ಮುಂದೆ ಹೋಗಿ ಗಂಟೆಯ ಹಗ್ಗವನ್ನು ಮುಟ್ಟಿದ. "ನಿನ್ನ ಮದುವೇಲಿ ಎಳೆದು ಅಂಗೈ ಸುಲಿದಿತ್ತು. ವಾರ ಪೂರ್ತಿ ಚಮಚ ಹಿಡಿಯೋಕೆ ಆಗ್ಲಿಲ್ಲ. ಅಮ್ಮ ಬೈದಳು, ಅವರ ಮದುವೆಗೆ ಅಷ್ಟ್ಯಾಕೋ ಎಳೀತೀಯ ಅಂತ."

ಈಗ ಹೇಳಬೇಕು. ಇದ್ವಾಲ್‌ನ ನಾಲಿಗೆಯ ಮೇಲೆ ವಾಕ್ಯ ಸಿದ್ಧವಾಗಿಯೇ ಇತ್ತು. ವರ್ಷಾನುವರ್ಷ ಕುರಿಗಳ ಮುಂದೆ, ಕನ್ನಡಿಯ ಮುಂದೆ, ನಿದ್ದೆ ಬಾರದ ಹಾಸಿಗೆಯಲ್ಲಿ ಹೇಳಿ ಹೇಳಿ ನಯವಾದ ವಾಕ್ಯ: ಎಮ್ಲಿನ್, ಆವತ್ತು ಕೂಗಿದ್ದು ನಾನು. ನಾಲ್ಕೇ ಮಾತು. ಹೇಳಿದರೆ ಏನಾಗುತ್ತದೆ? ಹೊಡೆಯಲು ಅವನಿಗೆ ಶಕ್ತಿಯಿಲ್ಲ. ಆದರೆ ಇಲ್ಲಿಂದ ನೇರ ಟೆಗ್ವೆನ್ ಬಳಿ ಹೋದರೆ? ಬಿಸಿ ಬಾರಾ ಬ್ರಿತ್ ಕತ್ತರಿಸುತ್ತ ಅವಳು ಕೇಳಿಸಿಕೊಂಡರೆ? ಸೋಮವಾರದ ವರದಿ ಏನೇ ಹೇಳಲಿ, ಉಳಿದ ದಿನಗಳಲ್ಲಿ ಅವಳು ತನ್ನನ್ನು ನೋಡುವ ರೀತಿ? ಅವನಿಗೆ ಭಯವಾಯಿತು. ಅವಳು ಸಾಯುವ ಭಯ, ಅವಳಿಗೆ ತಿಳಿಯುವ ಭಯ. ಎರಡರಲ್ಲಿ ಯಾವುದು ದೊಡ್ಡದೆಂದು ಆ ಕ್ಷಣ ಅವನಿಗೇ ಗೊತ್ತಾಗಲಿಲ್ಲ, ಗೊತ್ತಾಗದ್ದು ಕಂಡು ತನ್ನ ಮೇಲೇ ಹೇಸಿಗೆಯಾಯಿತು.

"ಕತ್ತಲಾಯ್ತು," ಎಂದ ಎಮ್ಲಿನ್. "ಹೊತ್ತು ಬಂತು. ನಾನು ಹೊರಗೆ ಕೂತ್ಕೋತೀನಿ. ಕೊನೇ ಸಲ."

"ತಾಳು." ಇದ್ವಾಲ್‌ಗೆ ತನ್ನ ಧ್ವನಿಯೇ ಬೇರೆಯಾಗಿ ಕೇಳಿತು. "ಈ ಸಲ ನೀನು ಒಳಗಿರು. ನಾನು ಹೊರಗೆ ಹೋಗ್ತೀನಿ."

"ಒಳಗಿದ್ದು ಏನ್ಮಾಡ್ಲಿ? ಬಾವಲಿ ಹಿಡೀಲಾ?"

"ಒಂದು ಹೆಸರು ಕೂಗು. ಸುಮ್ನೆ."

"ಯಾರ್ದು?"

ಹಗ್ಗ ಇನ್ನೂ ಸಣ್ಣಗೆ ತೂಗುತ್ತಿತ್ತು. ಇದ್ವಾಲ್ ಅದನ್ನೇ ನೋಡುತ್ತ, "ನಿಂದು," ಎಂದ. ಎಮ್ಲಿನ್ ಪೂರ್ತಿ ಅವನತ್ತ ತಿರುಗಿದ. ಇದ್ವಾಲ್ ಇನ್ನಷ್ಟು ಹೇಳಬೇಕಾಯಿತು. "ಟೆಗ್ವೆನ್‌ಗೆ ಗಂಟಾಗಿದೆ. ಕಂಕುಳ ಹತ್ರ. ಸೋಮವಾರ ಗೊತ್ತಾಗತ್ತೆ. ನಮ್ಮಜ್ಜಿ ಏನೋ ಹೇಳ್ತಿದ್ಳು, ಹಳೇ ಕಾಲದ ಮಾತು. ನಂಬ್ತೀನಿ ಅಂತಲ್ಲ ಕಣೋ. ಆದ್ರೂ..."

ಕೂಗಿದವನ ಮನೆಗೇ ಅದು ಬರುತ್ತದೆ ಎಂಬುದನ್ನು ಎಮ್ಲಿನ್ ಕೂಡ ಅದೇ ಅಜ್ಜಿಯ ಒಲೆಯ ಮುಂದೆ ಕೂತು ಕೇಳಿದ್ದ. ಅದು ಇದ್ವಾಲ್‌ಗೆ ಈಗ ನೆನಪಾಯಿತು, ಮಾತು ಬಾಯಿ ದಾಟಿದ ಮೇಲೆ. ಹೇಳದೆಯೇ ಎಲ್ಲ ಹೇಳಿಯಾಗಿತ್ತು, ಕ್ಷಮೆಯೊಂದನ್ನು ಬಿಟ್ಟು. ಈಗಲಾದರೂ ಅದನ್ನು ಕೇಳಬಹುದಿತ್ತು. ಅವನು ಕೀಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ನೀನು ನನ್ನನ್ನ ಇದನ್ನ ಕೇಳ್ತೀಯ ಅಂತ ಅವಳಿಗೆ ಗೊತ್ತಾ?"

"ಇಲ್ಲ."

"ಹೇಳ್ಬೇಡ," ಎಂದ ಎಮ್ಲಿನ್. ಹತ್ತಿರದ ಬೆಂಚಿನ ಬೆನ್ನು ಹಿಡಿದುಕೊಂಡ. "ಹೋಗು. ಬಾಗಿಲು ಎಳ್ಕೋ."

ಹೊರಗೆ ಯೂ ಮರಗಳ ಕೆಳಗೆ ಆಗಲೇ ಪೂರ್ತಿ ಕತ್ತಲು. ಚರ್ಚಿಗಿಂತ ಹಳೆಯ ಮರಗಳು, ದುಂಡನೆಯ ಬೇಲಿಯುದ್ದಕ್ಕೂ ಗೋರಿಗಳ ಕಡೆ ಮುಖ ಮಾಡಿ ನಿಂತಿದ್ದವು. ಇದ್ವಾಲ್ ಮೊಣಕಾಲೂರಿ ಕೀಲಿಕಿಂಡಿಗೆ ಕಿವಿಯಿಟ್ಟ. ತಣ್ಣನೆಯ ಕಬ್ಬಿಣ ಕಿವಿಗೆ ಕಚ್ಚಿತು. ಅರವತ್ತಾರರ ವಯಸ್ಸಿನಲ್ಲಿ, ಚರ್ಚಿನ ಮೇಲ್ವಿಚಾರಕ, ಒದ್ದೆ ಕಲ್ಲಿನ ಮೇಲೆ ಹೀಗೆ ಮಂಡಿಯೂರಿದ್ದನ್ನು ಯಾರಾದರೂ ಕಂಡರೆ ಏನೆಂದುಕೊಂಡಾರು? ಒಳಗೆ ಬೂಟಿನ ಸದ್ದು ದೂರ ಹೋಯಿತು, ಕೆಮ್ಮು ಬಂತು, ನಿಂತಿತು. ಆಮೇಲೆ ಏನೂ ಇಲ್ಲ. ಈ ಮೌನದಲ್ಲಿ ಅವನಿಗೆ ಥಟ್ಟನೆ ಹೊಳೆಯಿತು: ಎಮ್ಲಿನ್ ಬೇರೆ ಹೆಸರನ್ನೂ ಕೂಗಬಹುದು. ಕೂಗಲು ಅವನಿಗೆ ಹಕ್ಕಿದೆ. ಗಾರ್ತ್ ಮನೆ ಎಂದು ಶುರುವಾದರೆ ಸಾಕು, ಆ ಮನೆಯಲ್ಲಿ ಇರುವುದು ಇಬ್ಬರೇ. ಬಾಗಿಲು ದೂಡಿ ಒಳಗೆ ನುಗ್ಗಬೇಕು, ಬೇಡ ಕಣೋ, ಬಿಟ್ಟುಬಿಡು, ತಪ್ಪಾಯ್ತು ಎನ್ನಬೇಕು ಎಂದು ಕೈ ಹಲಗೆಗೆ ಹೋಯಿತು. ಕೈ ಅಲ್ಲೇ ನಿಂತಿತು. ಒಳಗೆ ಯಾರೋ ಎದೆ ತುಂಬ ಉಸಿರೆಳೆದುಕೊಂಡರು.

"ಎಮ್ಲಿನ್," ಎಂದಿತು ಧ್ವನಿ. ಉಬ್ಬಸವಿರಲಿಲ್ಲ ಅದರಲ್ಲಿ, ಇಪ್ಪತ್ಮೂರರ ಹುಡುಗನ ಧ್ವನಿಯಂತೆ ತುಂಬಿಕೊಂಡಿತ್ತು. "ಪೆನ್‌ಲಾನ್ ಮನೆ ಎಮ್ಲಿನ್."

ಇದ್ವಾಲ್‌ನ ಮೈಯೆಲ್ಲ ಸಡಿಲಾಯಿತು. ಹೋಯಿತು. ಅವಳು ಉಳಿದಳು. ಅಡುಗೆಮನೆಯ ದೀಪ, ಹಿಟ್ಟು ಮೆತ್ತಿದ ಬಲಗೈ, ಸೋಮವಾರ, ಮುಂದಿನ ವಸಂತದ ಕುರಿಮರಿಗಳು, ಎಲ್ಲ ಒಟ್ಟಿಗೇ ಅವನಿಗೆ ವಾಪಸು ಬಂದವು. ಹಬ್ಬದ ದಿನದ ಮಗುವಿನಷ್ಟು ಖುಷಿಯಾಯಿತು. ಕಾಲು ಜೋಮು ಹಿಡಿದಿದ್ದರೂ ಹಗುರಾಗಿ ಎದ್ದ.

ಬಾಗಿಲು ತೆರೆಯಿತು. ಎಮ್ಲಿನ್ ಚೌಕಟ್ಟಿಗೆ ಒರಗಿ, ಕಳೆದುಕೊಂಡ ಉಸಿರನ್ನು ತುಸುತುಸುವೇ ಕೂಡಿಸಿಕೊಳ್ಳುತ್ತ ನಿಂತ. ಅವನ ಹಣೆ ಬೆವೆತಿತ್ತು.

"ಧ್ವನಿ ನಿಂದು ಅಂತ ನಂಗೆ ಆವತ್ತೇ ಗೊತ್ತಾಗಿತ್ತು," ಎಂದ.

"ಗೊತ್ತಾಗಿತ್ತಾ? ಮತ್ತೆ ಯಾಕೋ... ಯಾಕೋ ನಂಬಿದೆ?"

"ಧ್ವನಿ ನಿಂದಾದ್ರೂ ಹೆಸರು ನಂದೇ ಇತ್ತಲ್ಲ. ಸಾವಿಗೆ ಬಾಯಿಲ್ಲ ಕಣೋ. ಕೂಗಿಸೋಕೆ ಯಾರ ಬಾಯಿ ಸಿಕ್ಕಿದ್ರೂ ತೊಗೊಳತ್ತೆ." ಇನ್ನೂ ಹತ್ತಿರ ಬಂದ. ದಪ್ಪ ಕನ್ನಡಕದ ಹಿಂದಿನಿಂದ ಇದ್ವಾಲ್‌ನ ಮುಖವನ್ನು, ಗೋಡೆಯ ಚಿತ್ರವನ್ನು ನೋಡಿದಷ್ಟೇ ಹೊತ್ತು, ನೋಡಿದ. "ಮುಖ ಒಂದು ಕಂಡಿರಲಿಲ್ಲ. ಮಧ್ಯ ಬಾಗಿಲಿತ್ತು. ಆವತ್ತೂ ಹೀಗೇ ನಗ್ತಿದ್ದೆಯಾ?"

ಇದ್ವಾಲ್ ಕೆನ್ನೆ ಮುಟ್ಟಿ ನೋಡಿಕೊಂಡ. ನಿಜ. ಕೆನ್ನೆ ಮೇಲೆದ್ದಿತ್ತು, ಹಲ್ಲಿಗೆ ಗಾಳಿ ತಾಕುತ್ತಿತ್ತು. ಬಾಯಿ ಮುಚ್ಚಲು ನೋಡಿದ. ತೋಳನ್ನು ಎತ್ತಿ ಬಾಯಿಗೆ ಒತ್ತಿಕೊಂಡ.

ಆಗ ಕೆಳಗಿನ ಗೇಟಿನ ಹತ್ತಿರ ಲಾಟೀನಿನಷ್ಟು ಚಿಕ್ಕ ಬೆಳಕೊಂದು ಅಲುಗಾಡಿತು. ಬಾರಾ ಬ್ರಿತ್ ಆರಿಹೋಗುತ್ತದೆಂದು ಟೆಗ್ವೆನ್ ಬ್ಯಾಟರಿ ಹಿಡಿದು ಅಲ್ಲಿಯವರೆಗೂ ಬಂದಿದ್ದಳು. ಗೋರಿಗಳ ಮೇಲೆ ಹಾದು, ಯೂ ಮರಗಳ ನಡುವಿನಿಂದ, ಎರಡು ಹೊಲ ದಾಟಿ ಕೇಳುವ ಅವಳ ಆ ಗೆಲುವಿನ ಕೂಗು ಬಂತು.

"ಇದ್ವಾಲ್! ಗಾರ್ತ್ ಮನೆ ಇದ್ವಾಲ್!"

ಎಮ್ಲಿನ್ ಟೋಪಿ ಹಾಕಿಕೊಂಡ.

"ಹೋಗಪ್ಪ," ಎಂದ. "ನಿನ್ನನ್ನೇ ಕರೀತಿರೋದು."